ಆಳವಿಲ್ಲದ ನೀರಿನಲ್ಲಿ ಮುಳುಗಿರುವ ಹಡಗು: ಹೊಸ ಡೈವರ್‌ಗಳಿಗೆ ಹಂತ ಹಂತದ ಮಾರ್ಗದರ್ಶಿ

ಸ್ಕೂಬಾ ಡೈವಿಂಗ್‌ನ ಮೊದಲ ಹಂತವಾದ ಓಪನ್ ವಾಟರ್ ತರಬೇತಿ ಮುಗಿಸಿ, ಹತ್ತು ಹದಿನೈದು ಬಾರಿ ಕಡಲಿಗಿಳಿದು ಬಂದ ಓದುಗರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳು ಎರಡು. ಮುಳುಗಿದ ಹಡಗೊಂದನ್ನು ನೋಡಲು ನಮ್ಮಿಂದ ಸಾಧ್ಯವೇ? ಅದರೊಳಗೆ ಹೋಗಬಹುದೇ? ಮೊದಲನೆಯದಕ್ಕೆ ಉತ್ತರ, ಹೌದು. ಎರಡನೆಯದಕ್ಕೆ, ಈಗ ಬೇಡ. ಹೊರಗಿನಿಂದಲೇ ಹಡಗನ್ನು ಹೇಗೆ ಸುತ್ತಬೇಕು, ಅದರಲ್ಲಿ ಏನನ್ನು ಗಮನಿಸಬೇಕು, ಎಲ್ಲಿ ಎಚ್ಚರ ತಪ್ಪುತ್ತದೆ ಎಂಬುದನ್ನು ಇಲ್ಲಿ ಕ್ರಮವಾಗಿ ವಿವರಿಸಿದ್ದೇನೆ. ಇದು ತರಬೇತಿಗೆ ಪರ್ಯಾಯವಲ್ಲ. ಓದಿದ ಮೇಲೂ ಮೊದಲ ಬಾರಿ ಆ ಹಡಗನ್ನು ಚೆನ್ನಾಗಿ ಬಲ್ಲ ಡೈವ್ ಮಾಸ್ಟರ್ ಅಥವಾ ತರಬೇತುದಾರರ ಜೊತೆಯಲ್ಲೇ ಇಳಿಯಿರಿ.

ಆಳ ಕಡಿಮೆ ಎಂದರೆ ಸುಲಭ ಎಂದಲ್ಲ

ಹೊಸಬರಲ್ಲಿ ಬೇರೂರಿರುವ ಈ ಕಲ್ಪನೆಯನ್ನು ಮೊದಲು ಸರಿಪಡಿಸಿಕೊಳ್ಳಬೇಕು. ನೀರಿನ ಮೇಲ್ಮೈಯಲ್ಲಿ ಒತ್ತಡ 1 ವಾಯುಭಾರದಷ್ಟಿದ್ದರೆ, ಪ್ರತಿ 10 ಮೀಟರ್ ಆಳಕ್ಕೆ ಇನ್ನೊಂದು ವಾಯುಭಾರ ಸೇರುತ್ತದೆ. 30 ಮೀಟರ್‌ನಿಂದ 20 ಮೀಟರ್‌ಗೆ ಏರಿದರೆ ಒತ್ತಡ ನಾಲ್ಕರಿಂದ ಮೂರಕ್ಕೆ ಇಳಿದು, ಗಾಳಿಯ ಗಾತ್ರ ಮೂರನೇ ಒಂದರಷ್ಟು ಮಾತ್ರ ಹೆಚ್ಚುತ್ತದೆ. ಅದೇ 10 ಮೀಟರ್‌ನಿಂದ ಮೇಲ್ಮೈಗೆ ಬಂದರೆ ಗಾತ್ರ ಎರಡು ಪಟ್ಟಾಗುತ್ತದೆ. ಹೀಗಾಗಿ ನಿಮ್ಮ ಬಿಸಿಡಿಯಲ್ಲಿರುವ ಗಾಳಿ (ಬಿಸಿಡಿ ಎಂದರೆ ಗಾಳಿ ತುಂಬಿ, ಬಿಟ್ಟು ತೇಲುವಿಕೆಯನ್ನು ಹೊಂದಿಸಿಕೊಳ್ಳುವ ಜಾಕೆಟ್) ಆಳವಿಲ್ಲದ ನೀರಿನಲ್ಲೇ ಅತಿ ಚಂಚಲವಾಗಿ ವರ್ತಿಸುತ್ತದೆ. ಒಂದೆರಡು ಮೀಟರ್ ಮೇಲೆ ಸರಿದರೂ ದೇಹ ತಾನಾಗಿ ಏರತೊಡಗುತ್ತದೆ. ಉಸಿರು ಹಿಡಿದುಕೊಂಡು ಒಂದೂವರೆ ಮೀಟರ್‌ನಷ್ಟು ಏರಿದರೂ ಶ್ವಾಸಕೋಶಕ್ಕೆ ಹಾನಿಯಾಗಬಲ್ಲದು. ಉಸಿರನ್ನು ಎಂದಿಗೂ ಹಿಡಿಯಬಾರದು ಎಂಬ ಮೊದಲ ಪಾಠ ಇಲ್ಲಿ ಹೆಚ್ಚು ಅನ್ವಯಿಸುತ್ತದೆ.

ಇದರ ಜೊತೆಗೆ ಅಲೆಯ ಎಳೆದಾಟವಿದೆ. ಮೇಲೆ ಅಲೆ ಹಾಯುವಾಗ ಕೆಳಗಿನ ನೀರು ಹಿಂದಕ್ಕೂ ಮುಂದಕ್ಕೂ ತೂಗುತ್ತದೆ. ಮರಳಿನ ಮೇಲೆ ಇದು ಉಯ್ಯಾಲೆಯಂತೆ ಹಿತವೆನಿಸಬಹುದು. ತುಕ್ಕು ಹಿಡಿದ ಕಬ್ಬಿಣದ ಹಾಳೆಯ ಪಕ್ಕದಲ್ಲಿ ಹಿತವಾಗಿರುವುದಿಲ್ಲ.

ಹಂತ 1: ಹಡಗನ್ನು ಆರಿಸುವುದು

ಓಪನ್ ವಾಟರ್ ಹಂತದವರ ಮಿತಿ 18 ಮೀಟರ್. ಮೊದಲ ಹಡಗಿಗೆ 8ರಿಂದ 15 ಮೀಟರ್ ಆಳ ಸೂಕ್ತ. ಆದರೆ ಆಳ ಎಷ್ಟು ಎಂದು ಕೇಳಿದಾಗ ಕೆಲವೊಮ್ಮೆ ಹಡಗಿನ ಅತಿ ಮೇಲಿನ ಭಾಗದ ಆಳವನ್ನಷ್ಟೇ ಹೇಳುತ್ತಾರೆ. ನೀವು ಕೇಳಬೇಕಾದದ್ದು ಅದು ಕೂತಿರುವ ಕಡಲತಳದ ಆಳ. ಮೇಲ್ಭಾಗ 12 ಮೀಟರ್‌ನಲ್ಲಿದ್ದು ತಳ 26 ಮೀಟರ್‌ನಲ್ಲಿದ್ದರೆ, ಪ್ರೊಪೆಲ್ಲರ್ ನೋಡುವ ಆಸೆಯಲ್ಲಿ ನೀವು ಗೊತ್ತಾಗದಂತೆ ಮಿತಿ ದಾಟುತ್ತೀರಿ.

ಇಂಡೋನೇಷ್ಯಾದ ಬಾಲಿ ದ್ವೀಪದ ತುಲಂಬೆನ್‌ನಲ್ಲಿರುವ ಲಿಬರ್ಟಿ ಹಡಗು ಇದಕ್ಕೆ ಒಳ್ಳೆಯ ಉದಾಹರಣೆ. ಅಮೆರಿಕದ ಸೇನೆಯ ಸರಕು ಹಡಗಾಗಿದ್ದ ಅದು 1942ರ ಜನವರಿಯಲ್ಲಿ ಜಪಾನಿನ ಜಲಾಂತರ್ಗಾಮಿಯ ಟಾರ್ಪಿಡೊ ಏಟಿಗೆ ಸಿಕ್ಕಿ, ಎಳೆದು ತಂದು ದಡಕ್ಕೆ ಹತ್ತಿಸಿದ ಮೇಲೆ ಎರಡು ದಶಕ ಅಲ್ಲೇ ಬಿದ್ದಿತ್ತು. 1963ರಲ್ಲಿ ಅಗುಂಗ್ ಜ್ವಾಲಾಮುಖಿ ಸಿಡಿದಾಗ ಕಂಪನದಿಂದ ಜಾರಿ ನೀರಿಗಿಳಿಯಿತು. ಅದರ ಮೇಲಿನ ಅಂಚು ಕೆಲವೇ ಮೀಟರ್ ಆಳದಲ್ಲಿದೆ, ದಡದಿಂದಲೇ ಈಜಿ ತಲುಪಬಹುದು, ಹೊಸಬರೂ ನಿತ್ಯ ಇಳಿಯುತ್ತಾರೆ. ಆದರೆ ಕೆಳಗಿನ ಅಂಚು 30 ಮೀಟರ್ ಹತ್ತಿರ ಹೋಗುತ್ತದೆ. ಒಂದೇ ಹಡಗು, ಅರ್ಧ ನಿಮ್ಮದು, ಇನ್ನರ್ಧ ಸದ್ಯಕ್ಕೆ ನಿಮ್ಮದಲ್ಲ.

ಹಡಗು ಹೇಗೆ ಮುಳುಗಿತು ಎಂಬುದನ್ನೂ ವಿಚಾರಿಸಿ. ಕೃತಕ ದಿಬ್ಬವಾಗಲೆಂದು ಉದ್ದೇಶಪೂರ್ವಕವಾಗಿ ಮುಳುಗಿಸಿದ ಹಡಗುಗಳಲ್ಲಿ ಸಾಮಾನ್ಯವಾಗಿ ಎಣ್ಣೆ, ತಂತಿ, ಬಾಗಿಲುಗಳನ್ನು ಮೊದಲೇ ತೆಗೆದಿರುತ್ತಾರೆ. ಅಪಘಾತದಲ್ಲೋ ಯುದ್ಧದಲ್ಲೋ ಮುಳುಗಿದವುಗಳಲ್ಲಿ ಅಂಥ ಸಿದ್ಧತೆ ಇರುವುದಿಲ್ಲ, ಮದ್ದುಗುಂಡುಗಳೂ ಉಳಿದಿರಬಹುದು. ಆ ದಿನದ ಸೆಳೆತ, ನೀರಿನ ಪಾರದರ್ಶಕತೆ, ಭರತ ಮತ್ತು ಇಳಿತದ ಸಮಯ, ಹಡಗು ನೆಟ್ಟಗಿದೆಯೇ ಮಗ್ಗುಲಾಗಿದೆಯೇ ಎಂಬುದು, ಇವಿಷ್ಟೂ ದೋಣಿ ಹತ್ತುವ ಮೊದಲೇ ನಿಮಗೆ ಗೊತ್ತಿರಬೇಕು.

ಹಂತ 2: ನಿಮ್ಮನ್ನು ನೀವೇ ಪರೀಕ್ಷಿಸಿಕೊಳ್ಳುವುದು

ಹಡಗಿಗೆ ಹೋಗುವ ಮೊದಲು ಮರಳು ತಳದ ಸುರಕ್ಷಿತ ಜಾಗದಲ್ಲಿ ಒಂದು ಪರೀಕ್ಷೆ ಮಾಡಿಕೊಳ್ಳಿ. 5 ಮೀಟರ್ ಆಳದಲ್ಲಿ ಕೈಗಳನ್ನು ಎದೆಯ ಮುಂದೆ ಕಟ್ಟಿ, ಕಾಲು ಆಡಿಸದೆ, ಉಸಿರಾಟದಿಂದಷ್ಟೇ ಹೊಂದಿಸಿಕೊಂಡು ಎರಡು ನಿಮಿಷ ಒಂದೇ ಮಟ್ಟದಲ್ಲಿ ನಿಲ್ಲಲು ಪ್ರಯತ್ನಿಸಿ. ಅರ್ಧ ಮೀಟರ್‌ಗಿಂತ ಹೆಚ್ಚು ಏರಿಳಿತವಾದರೆ ಇನ್ನೂ ಕೆಲವು ಡೈವ್ ಅಭ್ಯಾಸ ಬೇಕು. ಹಡಗು ಎಲ್ಲಿಗೂ ಹೋಗುವುದಿಲ್ಲ.

ತೂಕದ ವಿಷಯದಲ್ಲಿ ಬಹಳ ಮಂದಿ ತಪ್ಪುತ್ತಾರೆ. 12 ಲೀಟರ್ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ (ಒಂದು ಬಾರ್ ಎಂದರೆ ಹೆಚ್ಚುಕಡಿಮೆ ಒಂದು ವಾಯುಭಾರ) ತುಂಬಿದ ಗಾಳಿಯೇ ಸುಮಾರು 2.9 ಕಿಲೊ ತೂಗುತ್ತದೆ. 50 ಬಾರ್ ಉಳಿಯುವ ಹೊತ್ತಿಗೆ ಅದರಲ್ಲಿ 2 ಕಿಲೊಗಿಂತ ಹೆಚ್ಚು ಖರ್ಚಾಗಿ ನೀವು ಅಷ್ಟು ಹಗುರಾಗಿರುತ್ತೀರಿ. ತೂಕದ ಬೆಲ್ಟನ್ನು ತುಂಬಿದ ಸಿಲಿಂಡರಿಗೆ ಹೊಂದಿಸಿದರೆ ಕೊನೆಯಲ್ಲಿ 5 ಮೀಟರ್‌ನಲ್ಲಿ ನಿಲ್ಲಲಾಗದೆ ಚೆಂಡಿನಂತೆ ಮೇಲೆ ಬರುತ್ತೀರಿ. ಆ ಭಯಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಸೀಸ ಕಟ್ಟಿಕೊಂಡರೆ ಬಿಸಿಡಿಯಲ್ಲಿ ಹೆಚ್ಚು ಗಾಳಿ ತುಂಬಬೇಕಾಗುತ್ತದೆ, ಚಂಚಲತೆ ಇನ್ನಷ್ಟಾಗುತ್ತದೆ. 50 ಬಾರ್ ಉಳಿದಿರುವಾಗ, ಬಿಸಿಡಿ ಬಹುತೇಕ ಖಾಲಿಯಿರುವಾಗ 5 ಮೀಟರ್‌ನಲ್ಲಿ ಅಲುಗದೆ ನಿಲ್ಲಲು ಬೇಕಾದಷ್ಟೇ ನಿಮ್ಮ ಸರಿಯಾದ ತೂಕ.

ಕಾಲಿನ ಬಡಿತವನ್ನೂ ಬದಲಿಸಿಕೊಳ್ಳಬೇಕು. ಮೇಲೆ ಕೆಳಗೆ ಬಡಿಯುವ ಸಾಮಾನ್ಯ ಕ್ರಮ ತಳದ ಹೂಳನ್ನು ಎಬ್ಬಿಸುತ್ತದೆ. ಮೊಣಕಾಲು ಮಡಚಿ, ಪಾದಗಳನ್ನು ದೇಹದ ಮಟ್ಟಕ್ಕಿಂತ ಮೇಲಿಟ್ಟು, ಕಪ್ಪೆಯಂತೆ ಹಿಂದಕ್ಕೆ ತಳ್ಳುವ ‘ಫ್ರಾಗ್ ಕಿಕ್’ ಕಲಿತುಕೊಳ್ಳಿ.

ಹಂತ 3: ಸಲಕರಣೆ

ನಿತ್ಯದ ಸಲಕರಣೆಗಳ ಜೊತೆಗೆ ಬೇಕಾದವು ಹೆಚ್ಚೇನಿಲ್ಲ: ಒಂದು ಟಾರ್ಚ್, ದಾರ ಕತ್ತರಿಸುವ ಸಾಧನ, ಮೇಲೇರುವಾಗ ದೋಣಿಗಳಿಗೆ ನಿಮ್ಮ ಸ್ಥಳ ತೋರಿಸುವ ಗಾಳಿ ತುಂಬುವ ಬಣ್ಣದ ಗುರುತುಬುರುಡೆ, ಮೈ ಪೂರ್ತಿ ಮುಚ್ಚುವ ವೆಟ್‌ಸೂಟ್. ಕತ್ತರಿಸುವ ಸಾಧನ ಎಂದಾಗ ದೊಡ್ಡ ಚೂರಿ ಕಣ್ಣ ಮುಂದೆ ಬರುತ್ತದೆ. ವಾಸ್ತವದಲ್ಲಿ ತಂಗೂಸಿಗೆ, ಅಂದರೆ ಗಾಳದ ನೈಲಾನ್ ದಾರಕ್ಕೆ, ಬ್ಲೇಡ್ ಒಳಗಿರುವ ಸಣ್ಣ ಕಟ್ಟರ್ ಹೆಚ್ಚು ಉಪಯುಕ್ತ. ಅದನ್ನು ಕಾಲಿಗೆ ಕಟ್ಟಿಕೊಳ್ಳಬೇಡಿ, ಎರಡೂ ಕೈಗೆ ಎಟುಕುವಂತೆ ಎದೆಯ ಭಾಗದಲ್ಲಿಡಿ. ಕೈಗವಸು ಕೆಲವು ತಾಣಗಳಲ್ಲಿ ನಿಷಿದ್ಧ, ಆದ್ದರಿಂದ ಮೊದಲೇ ಕೇಳಿಕೊಳ್ಳಿ.

ಗೇಜ್ (ಸಿಲಿಂಡರಿನಲ್ಲಿ ಉಳಿದ ಗಾಳಿಯ ಒತ್ತಡ ತೋರಿಸುವ ಮಾಪಕ) ಮತ್ತು ಉಸಿರಾಡಲು ಬಾಯಲ್ಲಿಡುವ ಹೆಚ್ಚುವರಿ ರೆಗ್ಯುಲೇಟರ್‌ನ ಕೊಳವೆಗಳು ಜೋಲಾಡದಂತೆ ದೇಹಕ್ಕೆ ಅಂಟಿಸಿ ಕ್ಲಿಪ್ ಹಾಕಿ. ಹಡಗಿನಲ್ಲಿ ಜೋಲುವ ಪ್ರತಿಯೊಂದು ವಸ್ತುವಿಗೂ ಒಂದು ಕೊಕ್ಕೆ ಕಾದಿರುತ್ತದೆ. ಕ್ಯಾಮೆರಾ ಮೊದಲ ಬಾರಿ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಪರದೆ ನೋಡುವ ಕಣ್ಣು ಗೇಜ್ ನೋಡುವುದಿಲ್ಲ.

ಹಂತ 4: ಗಾಳಿಯ ಲೆಕ್ಕ

ದಡದಲ್ಲಿ ಕಾಗದದ ಮೇಲೆ ಮಾಡುವ ಈ ಲೆಕ್ಕವನ್ನು ದಯವಿಟ್ಟು ಬಿಡಬೇಡಿ. ಮೇಲ್ಮೈಯಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಬಳಸುವ ಡೈವರ್ ಎಂದುಕೊಳ್ಳೋಣ. 15 ಮೀಟರ್ ಆಳದಲ್ಲಿ ಒತ್ತಡ 2.5 ವಾಯುಭಾರ, ಆದ್ದರಿಂದ ಬಳಕೆ ನಿಮಿಷಕ್ಕೆ 50 ಲೀಟರ್. 12 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಎಂದರೆ 2,400 ಲೀಟರ್. 50 ಬಾರ್ ಮೀಸಲು ಕಳೆದರೆ 1,800 ಲೀಟರ್. ಭಾಗಿಸಿದರೆ 36 ನಿಮಿಷ. ಹೊಸಬರು ಉತ್ಸಾಹದಲ್ಲಿ 25 ಲೀಟರ್ ಬಳಸುವುದು ಸಾಮಾನ್ಯ. ಆಗ ಉಳಿಯುವುದು 29 ನಿಮಿಷಕ್ಕಿಂತ ಕಡಿಮೆ. ಇಳಿಯುವುದು, ಏರುವುದು, ನಡುವೆ ನಿಲ್ಲುವುದು ಎಲ್ಲವೂ ಅದರಲ್ಲೇ ಸೇರಬೇಕು. ಹೋಲಿಕೆಗೆ ಹೇಳುವುದಾದರೆ, ಡೈವಿಂಗ್ ತರಬೇತಿ ಸಂಸ್ಥೆಯಾದ ಪ್ಯಾಡಿಯ ಕೋಷ್ಟಕದಲ್ಲಿ 18 ಮೀಟರ್ ಆಳದ ಮೊದಲ ಡೈವ್‌ಗೆ ಸಮಯದ ಮಿತಿ 56 ನಿಮಿಷ. ಅಂದರೆ ಆಳವಿಲ್ಲದ ಹಡಗಿನಲ್ಲಿ ನಿಮ್ಮನ್ನು ಮೊದಲು ತಡೆಯುವುದು ಸಾಮಾನ್ಯವಾಗಿ ಸಿಲಿಂಡರೇ.

ಈ ಲೆಕ್ಕದಿಂದ ಮೂರು ಅಂಕೆಗಳನ್ನು ನಿಗದಿಪಡಿಸಿ, ಜೊತೆಗಾರರೊಂದಿಗೆ ಒಪ್ಪಿಕೊಳ್ಳಿ. ಇಬ್ಬರಲ್ಲಿ ಯಾರದೇ ಗೇಜ್ 130 ಬಾರ್ ತೋರಿಸಿದರೂ ಹಿಂದಿರುಗಬೇಕು. 80 ಬಾರ್‌ಗೆ ಮೊದಲು ಮೇಲೇರುವ ಹಗ್ಗದ ಬುಡದಲ್ಲಿರಬೇಕು. ನೀರಿನ ಮೇಲೆ ಬರುವಾಗ 50 ಬಾರ್‌ಗಿಂತ ಕಡಿಮೆಯಿರಬಾರದು. ‘ಯಾರದೇ’ ಎಂಬ ಮಾತು ಮುಖ್ಯ. ನಿಮ್ಮದು 150 ಇದ್ದು ಜೊತೆಗಾರರದ್ದು 130 ಆದರೆ ಡೈವ್ ತಿರುಗಿತು ಎಂದೇ ಅರ್ಥ, ಅದರಲ್ಲಿ ಚರ್ಚೆಯಿಲ್ಲ.

ಹಂತ 5: ಇಳಿಯುವುದು

ಪರಸ್ಪರ ಸಲಕರಣೆ ಪರೀಕ್ಷೆ ಮುಗಿಸಿ ಹಗ್ಗದ ಗುಂಟ ಇಳಿಯಿರಿ. ಕಿವಿಯ ಒತ್ತಡವನ್ನು ನೋವು ಬರುವ ಮೊದಲೇ, ಪ್ರತಿ ಮೀಟರ್‌ಗೂ ಸರಿಮಾಡಿಕೊಳ್ಳುತ್ತಾ ಹೋಗಬೇಕು. ಕಿವಿ ಬಿಡದಿದ್ದರೆ ಸ್ವಲ್ಪ ಮೇಲೇರಿ ಮತ್ತೆ ಪ್ರಯತ್ನಿಸಿ, ಬಲವಂತ ಸಲ್ಲದು. ಹಗ್ಗವನ್ನು ಹಡಗಿನ ಯಾವ ಭಾಗಕ್ಕೆ ಕಟ್ಟಿದ್ದಾರೆ ಎಂಬುದನ್ನು ಕೆಳಗೆ ತಲುಪಿದ ಕೂಡಲೇ ಹಿಂದಿರುಗಿ ನೋಡಿ ನೆನಪಿಟ್ಟುಕೊಳ್ಳಿ. ಮರಳುವಾಗ ನೀವು ಅದನ್ನು ಇದೇ ಕೋನದಿಂದ ನೋಡುವುದಿಲ್ಲ.

ಹಂತ 6: ಹಡಗನ್ನು ಸುತ್ತುವುದು ಮತ್ತು ಓದುವುದು

ಸೆಳೆತಕ್ಕೆ ಎದುರಾಗಿ ಮೊದಲು ಹೋಗಿ, ಸೆಳೆತದ ಜೊತೆಯಲ್ಲಿ ಹಿಂದಿರುಗಿ. ಹಡಗಿನಿಂದ ಒಂದು ಮೀಟರ್‌ನಷ್ಟು ದೂರ, ತಳದಿಂದಲೂ ಅಷ್ಟೇ ಎತ್ತರ ಕಾಯ್ದುಕೊಳ್ಳಿ. ನೀರಿನೊಳಗೆ ವಸ್ತುಗಳು ಸುಮಾರು ಮೂರನೇ ಒಂದರಷ್ಟು ದೊಡ್ಡದಾಗಿ, ಹತ್ತಿರವಿರುವಂತೆಯೂ ಕಾಣುವುದರಿಂದ ಅಂದಾಜು ತಪ್ಪುವುದು ಸಹಜ.

ದಿಕ್ಸೂಚಿಯನ್ನು ನಂಬಬೇಡಿ. ಕಬ್ಬಿಣದ ರಾಶಿಯ ಪಕ್ಕದಲ್ಲಿ ಅದರ ಮುಳ್ಳು ಉತ್ತರವನ್ನು ಬಿಟ್ಟು ಹಡಗಿನತ್ತ ವಾಲಬಹುದು. ಹಾಗಾದರೆ ದಾರಿ ತಿಳಿಯುವುದು ಹೇಗೆ? ಹಡಗಿನಿಂದಲೇ. ಈ ಕಾರಣಕ್ಕಾಗಿಯೇ ಹಡಗಿನ ರಚನೆಯನ್ನು ಸ್ವಲ್ಪ ತಿಳಿದಿರಬೇಕು.

ಹಳೆಯ ಉಗಿಹಡಗೊಂದು ಕುಸಿದು ಹರಡಿದಾಗ ತೆಳುವಾದ ಹೊರಕವಚ ಮೊದಲು ಹೋಗುತ್ತದೆ. ದಪ್ಪ ತಗಡಿನಿಂದ ಮಾಡಿದ ಬಾಯ್ಲರ್, ಎಂಜಿನ್, ಲಂಗರು, ಪ್ರೊಪೆಲ್ಲರ್ ದೀರ್ಘಕಾಲ ಉಳಿಯುತ್ತವೆ. ಮನೆಯಷ್ಟು ದೊಡ್ಡ ಉರುಳೆಯೊಂದು ಮಲಗಿದ್ದು, ಅದರ ಮುಖದಲ್ಲಿ ಎರಡು ಮೂರು ದುಂಡು ಬಾಯಿಗಳಿದ್ದರೆ ಅದು ಬಾಯ್ಲರ್. ಆ ಬಾಯಿಗಳು ಕಲ್ಲಿದ್ದಲು ಉರಿಸುತ್ತಿದ್ದ ಕುಲುಮೆಗಳು. ಅದರ ಪಕ್ಕದಲ್ಲಿ ಎಂಜಿನ್ ಇರುತ್ತದೆ. ಎಂಜಿನ್‌ನಿಂದ ಹೊರಟ ಉದ್ದನೆಯ ಉಕ್ಕಿನ ದಂಡವನ್ನು ಹಿಂಬಾಲಿಸಿದರೆ ಪ್ರೊಪೆಲ್ಲರ್ ಮತ್ತು ಚುಕ್ಕಾಣಿ ಸಿಗುತ್ತವೆ, ಅದು ಹಡಗಿನ ಹಿಂತುದಿ. ದಪ್ಪ ಸರಪಳಿಯ ರಾಶಿ, ಅದನ್ನು ಸುತ್ತುವ ಯಂತ್ರ, ಲಂಗರು ಕಂಡರೆ ಬಹುಮಟ್ಟಿಗೆ ಮುಂತುದಿಯಲ್ಲಿದ್ದೀರಿ. ಇವೆರಡರ ನಡುವಿನ ದೊಡ್ಡ ಚೌಕಾಕಾರದ ಬಾಯಿಗಳು ಸರಕು ತುಂಬುತ್ತಿದ್ದ ಕೋಣೆಗಳವು. ಇಷ್ಟು ತಿಳಿದವರಿಗೆ ತುಕ್ಕಿನ ರಾಶಿಯೂ ನಕ್ಷೆಯಾಗುತ್ತದೆ.

ಹಡಗು ಮಗ್ಗುಲಾಗಿದ್ದರೆ ಎಚ್ಚರ ಬೇಕು. ಆಗ ಡೆಕ್ ಎಂಬುದು ನಿಮ್ಮ ಮುಂದೆ ನೆಟ್ಟಗೆ ನಿಂತ ಗೋಡೆ, ಹಾಯಿಕಂಬ ಅಡ್ಡಡ್ಡ ಚಾಚಿದ ತೊಲೆ, ಏಣಿ ಅಡ್ಡಲಾಗಿ ಹೋಗುವ ಬೇಲಿ. ಇಂಥ ಒಂದು ಹಡಗಿನಲ್ಲಿ ನಾನು ಮುಂತುದಿಯೆಂದುಕೊಂಡು ಹಿಂತುದಿಗೆ ಈಜಿ, ಹಗ್ಗದಿಂದ ದೂರವಾಗುತ್ತಾ ಹೋಗಿದ್ದೆ. ಚುಕ್ಕಾಣಿ ಕಣ್ಣಿಗೆ ಬಿದ್ದಾಗಲೇ ತಪ್ಪು ತಿಳಿದದ್ದು.

ಮರದ ಹಡಗುಗಳಲ್ಲಿ ಕಾಣಸಿಗುವುದು ಇನ್ನೂ ಕಡಿಮೆ. ಬೆಚ್ಚಗಿನ ಉಪ್ಪುನೀರಿನಲ್ಲಿ ಹಡಗುಹುಳು ಮರವನ್ನು ತಿಂದುಬಿಡುತ್ತದೆ. ಉಳಿಯುವುದು ಸಮತೋಲಕ್ಕೆಂದು ತಳದಲ್ಲಿ ತುಂಬಿದ ಕಲ್ಲುಗಳ ದಿಬ್ಬ, ಲಂಗರು, ಒಮ್ಮೊಮ್ಮೆ ತೋಪು. 1628ರಲ್ಲಿ ಮುಳುಗಿದ ಸ್ವೀಡನ್ನಿನ ವಾಸಾ ಹಡಗನ್ನು 1961ರಲ್ಲಿ ಬಹುತೇಕ ಇಡಿಯಾಗಿ ಎತ್ತಲು ಸಾಧ್ಯವಾದದ್ದಕ್ಕೆ ಒಂದು ಮುಖ್ಯ ಕಾರಣ, ಉಪ್ಪು ಕಡಿಮೆಯಿರುವ ಬಾಲ್ಟಿಕ್ ನೀರಿನಲ್ಲಿ ಈ ಹುಳು ಬದುಕದಿರುವುದು.

ಕೆಂಪು ಬಣ್ಣ ಮೊದಲ ಕೆಲವು ಮೀಟರ್‌ಗಳಲ್ಲೇ ನೀರಿನಲ್ಲಿ ಹೀರಲ್ಪಡುವುದರಿಂದ ಹಡಗೆಲ್ಲ ಬೂದುನೀಲಿಯಾಗಿ ಕಾಣುತ್ತದೆ. ಒಂದು ತೊಲೆಯ ಮೇಲೆ ಹತ್ತಿರದಿಂದ ಟಾರ್ಚ್ ಹಾಯಿಸಿ: ಬೂದಿಯಂತಿದ್ದ ಮೇಲ್ಮೈಯಲ್ಲಿ ಕಿತ್ತಳೆ ಬಣ್ಣದ ಸ್ಪಂಜು, ಕಡುಗೆಂಪು ಹವಳದ ಮೊಗ್ಗು, ತುಕ್ಕಿನ ಇಟ್ಟಿಗೆಬಣ್ಣ ಒಮ್ಮೆಲೇ ಎದ್ದು ಬರುತ್ತವೆ. ಟಾರ್ಚ್ ಸರಿಸಿದರೆ ಮತ್ತೆ ಬೂದಿ. ಅದೇ ಬೆಳಕು ಅಪಾಯವನ್ನೂ ತೋರಿಸುತ್ತದೆ. ತೊಲೆಯ ಅಡಿಯಲ್ಲಿ ತಲೆಕೆಳಗಾಗಿ ನಿಂತ ಲಯನ್‌ಫಿಶ್, ಕಲ್ಲೆಂದೇ ತೋರುವ ಸ್ಟೋನ್‌ಫಿಶ್, ಎರಡರ ಮುಳ್ಳಲ್ಲೂ ವಿಷವಿದೆ. ಆದ್ದರಿಂದ ಎಲ್ಲೂ ಕೈಯೂರಬೇಡಿ. ಸ್ಥಿರವಾಗಿ ನಿಲ್ಲಲು ಆಸರೆ ಬೇಕೆನಿಸಿದರೆ ಹಂತ 2ಕ್ಕೆ ಮರಳಬೇಕೆಂದು ತಿಳಿಯಿರಿ.

ಹಂತ 7: ಬಾಗಿಲ ಬಳಿ ನಿಲ್ಲುವುದು

ಹೊಸಬರ ಮನಸ್ಸನ್ನು ಅತಿ ಹೆಚ್ಚು ಎಳೆಯುವುದು ತೆರೆದ ಬಾಗಿಲು. ಒಳಗೆ ಬೆಳಕಿದೆ, ಆಚೆ ಬದಿ ಕಾಣುತ್ತಿದೆ, ಎರಡೇ ಬಡಿತದ ದಾರಿ ಎನಿಸುತ್ತದೆ. ಆದರೂ ಹೋಗಬೇಡಿ. ತಲೆಯ ಮೇಲೆ ನೇರ ದಾರಿಯಿಲ್ಲದ ಜಾಗಕ್ಕೆ ಬೇರೆಯೇ ತರಬೇತಿ, ಬೇರೆಯೇ ಗಾಳಿಯ ಲೆಕ್ಕ, ಮಾರ್ಗದರ್ಶಕ ದಾರ ಬೇಕು. ತರಬೇತಿಯಲ್ಲಿ ನೀವು ಕಲಿತ ಎಲ್ಲ ತುರ್ತು ಕ್ರಮಗಳೂ ನೇರವಾಗಿ ಮೇಲೇರಬಹುದು ಎಂಬ ಊಹೆಯ ಮೇಲೆ ನಿಂತಿವೆ. ಬಾಗಿಲು ದಾಟಿದ ಕ್ಷಣ ಆ ಊಹೆ ಕಳಚುತ್ತದೆ.

ಒಳಗೆ ಏನಾಗುತ್ತದೆ ಎಂದು ತಿಳಿದರೆ ಆಸೆ ತಾನಾಗಿ ತಗ್ಗಬಹುದು. ನೀವು ಬಿಟ್ಟ ಉಸಿರಿನ ಗುಳ್ಳೆಗಳು ಛಾವಣಿಗೆ ತಾಗಿ ತುಕ್ಕಿನ ಪದರಗಳನ್ನು ಉದುರಿಸುತ್ತವೆ. ಫಿನ್ಸ್‌ನ ಒಂದು ಬಡಿತಕ್ಕೆ ನೆಲದಲ್ಲಿ ವರ್ಷಗಳಿಂದ ಕೂತ ಹೂಳು ಏಳುತ್ತದೆ. ಬರುವಾಗ ಸ್ಪಷ್ಟವಾಗಿದ್ದ ಕೋಣೆಯಲ್ಲಿ ಮರಳುವಾಗ ಮಾಸ್ಕಿಗೆ ಅಂಟಿಸಿ ಹಿಡಿದ ಗೇಜ್ ಕೂಡ ಕಾಣದಿರಬಹುದು. ಛಾವಣಿಯಡಿ ಸಿಕ್ಕಿಕೊಂಡ ಗಾಳಿಯ ಗುಳಿ ಕಂಡರೆ ಅಲ್ಲಿ ರೆಗ್ಯುಲೇಟರ್ ತೆಗೆದು ಉಸಿರಾಡುವ ಸಾಹಸವಂತೂ ಬೇಡವೇ ಬೇಡ: ಅದು ಬಹುಪಾಲು ಡೈವರ್‌ಗಳು ಉಸಿರಾಡಿ ಬಿಟ್ಟ ಗಾಳಿ, ಮತ್ತು ಕಬ್ಬಿಣ ತುಕ್ಕು ಹಿಡಿಯುವಾಗ ಆಮ್ಲಜನಕವನ್ನೇ ನುಂಗುತ್ತದೆ.

ಹೊರಗೆ ನಿಂತು, ದೇಹವನ್ನು ಪೂರ್ತಿ ಹೊರಗಿಟ್ಟು, ಟಾರ್ಚ್ ಬೆಳಕನ್ನು ಒಳಗೆ ಹಾಯಿಸಿ. ಕಿಟಕಿಯ ಮೂಲಕ ಕಾಣುವ ಮೀನಿನ ಗುಂಪು, ವಾಲಿದ ಏಣಿ, ಕೊಳವೆಗಳ ಸಾಲು ಅಲ್ಲಿಂದಲೇ ಚೆನ್ನಾಗಿ ಕಾಣುತ್ತವೆ. ಕುಸಿದ ಚಾಚುಗಳ ಅಡಿಯಲ್ಲಿ ನುಸುಳುವುದನ್ನೂ ಒಳಹೊಗುವುದೆಂದೇ ಎಣಿಸಿ.

ಏನನ್ನೂ ತೆಗೆದುಕೊಳ್ಳಬೇಡಿ. ಯುನೆಸ್ಕೊ 2001ರಲ್ಲಿ ಅಂಗೀಕರಿಸಿದ, 2009ರಲ್ಲಿ ಜಾರಿಗೆ ಬಂದ ಒಡಂಬಡಿಕೆ ಕನಿಷ್ಠ 100 ವರ್ಷಗಳಿಂದ ನೀರಿನಡಿ ಇರುವ ಇಂಥ ಅವಶೇಷಗಳನ್ನು ಪರಂಪರೆಯೆಂದು ಪರಿಗಣಿಸುತ್ತದೆ; ಅದಕ್ಕಿಂತ ಹೊಸ ಹಡಗುಗಳಿಗೂ ಹಲವು ದೇಶಗಳಲ್ಲಿ ಪ್ರತ್ಯೇಕ ಕಾನೂನುಗಳಿವೆ, ಯುದ್ಧದಲ್ಲಿ ಮುಳುಗಿದವು ಎಷ್ಟೋ ಸಲ ಸತ್ತವರ ಸಮಾಧಿಗಳೂ ಹೌದು. ಕಾನೂನು ಬದಿಗಿರಲಿ, ಉಪ್ಪು ಹೀರಿದ ಕಬ್ಬಿಣದ ತುಂಡು ಮೇಲೆ ಬಂದು ಒಣಗಿದರೆ ಬಿರುಕುಬಿಟ್ಟು ಪುಡಿಯಾಗುತ್ತದೆ.

ಹಂತ 8: ಸಿಕ್ಕಿಕೊಂಡರೆ, ಜೊತೆ ತಪ್ಪಿದರೆ

ಬಲೆ ಮತ್ತು ತಂಗೂಸಿ ಹಡಗುಗಳ ಮೇಲೆ ಸಾಮಾನ್ಯ. ಹಿಂದಿನಿಂದ ಯಾರೋ ಹಿಡಿದಂತೆ ಅನಿಸಿದರೆ ಅಲ್ಲೇ ನಿಲ್ಲಿ. ತಿರುಗಿ ನೋಡಲು ಸುತ್ತಿದರೆ ದಾರ ಇನ್ನೂ ಸುತ್ತಿಕೊಳ್ಳುತ್ತದೆ. ನಿಧಾನವಾಗಿ ಉಸಿರಾಡಿ, ಬಂದ ದಾರಿಯಲ್ಲೇ ಅರ್ಧ ಮೀಟರ್ ಹಿಂದೆ ಸರಿಯಿರಿ. ಬಹಳಷ್ಟು ಬಾರಿ ಅಷ್ಟಕ್ಕೇ ಬಿಡುತ್ತದೆ. ಬಿಡದಿದ್ದರೆ ಜೊತೆಗಾರರಿಗೆ ಟಾರ್ಚ್ ಆಡಿಸಿ ಸೂಚಿಸಿ, ಅವರು ನೋಡಿ ಕತ್ತರಿಸಲಿ. ಕತ್ತರಿಸುವ ಮೊದಲು ಅದು ದಾರವೇ, ನಿಮ್ಮದೇ ಕೊಳವೆಯಲ್ಲವೇ ಎಂದು ಖಚಿತಪಡಿಸಿಕೊಳ್ಳಬೇಕು.

ಜೊತೆಗಾರರು ಕಾಣದಿದ್ದರೆ ಒಂದು ನಿಮಿಷ ಸುತ್ತ ಮೇಲೆ ಕೆಳಗೆ ನೋಡಿ, ಸಿಗದಿದ್ದರೆ ನಿಧಾನವಾಗಿ ಮೇಲೇರಿ ನೀರಿನ ಮೇಲೆ ಸೇರಿಕೊಳ್ಳಿ. ಅವರು ಒಳಗೆ ಹೋಗಿರಬಹುದೆಂದು ಊಹಿಸಿ ನೀವು ಒಳನುಗ್ಗಬೇಡಿ. ಮೇಲೆ ಬಂದು ದೋಣಿಯಲ್ಲಿರುವ ಅನುಭವಿಗಳಿಗೆ ತಿಳಿಸಿ.

ಹಂತ 9: ಮೇಲೇರುವುದು ಮತ್ತು ಆಮೇಲೆ

ನಿಮಿಷಕ್ಕೆ 9 ಮೀಟರ್‌ಗಿಂತ ವೇಗವಾಗಿ ಏರಬೇಡಿ. ಬಿಸಿಡಿಯ ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಡುತ್ತಾ, ಹಗ್ಗವನ್ನು ಹಗುರಾಗಿ ಹಿಡಿದು 5 ಮೀಟರ್‌ನಲ್ಲಿ 3 ನಿಮಿಷ ನಿಲ್ಲಿ. ಆ ಕೊನೆಯ 5 ಮೀಟರ್ ಏರುವುದನ್ನು ಬಹುತೇಕ ಎಲ್ಲರೂ ಅವಸರದಲ್ಲಿ ಮುಗಿಸುತ್ತಾರೆ. ಒತ್ತಡದ ಬದಲಾವಣೆ ಅತಿ ತೀವ್ರವಾಗಿರುವುದು ಅಲ್ಲೇ, ಆದ್ದರಿಂದ ಅದಕ್ಕೆ ಒಂದು ಪೂರ್ತಿ ನಿಮಿಷ ಕೊಡಿ. ತಲೆಯೆತ್ತಿ, ದೋಣಿಯ ಸದ್ದಿಗೆ ಕಿವಿಗೊಟ್ಟು ಮೇಲೆ ಬನ್ನಿ.

ತುಕ್ಕಿನ ಗೀರು ಎಷ್ಟೇ ಸಣ್ಣದಿರಲಿ, ಸಿಹಿನೀರಿನಲ್ಲಿ ತೊಳೆದು ಔಷಧ ಹಚ್ಚಿ. ಧನುರ್ವಾಯು ಲಸಿಕೆಯ ಅವಧಿ ಮುಗಿದಿಲ್ಲವೇ ಎಂದು ಪ್ರವಾಸಕ್ಕೆ ಮೊದಲೇ ನೋಡಿಕೊಂಡಿರಬೇಕು. ವಿಮಾನ ಹತ್ತುವುದಿದ್ದರೆ ಒಂದೇ ಡೈವ್ ಆಗಿದ್ದಲ್ಲಿ ಕನಿಷ್ಠ 12 ಗಂಟೆ, ಒಂದಕ್ಕಿಂತ ಹೆಚ್ಚಾಗಿದ್ದಲ್ಲಿ ಅಥವಾ ಹಲವು ದಿನ ಇಳಿದಿದ್ದಲ್ಲಿ ಕನಿಷ್ಠ 18 ಗಂಟೆ ಕಾಯಬೇಕು. ಕೀಲುನೋವು, ಜೋಮು, ತಲೆಸುತ್ತು, ಅಸಹಜ ಆಯಾಸ ಕಂಡರೆ ನಿದ್ದೆ ಮಾಡಿದರೆ ಸರಿಹೋದೀತೆಂದು ಕಾಯದೆ, ಆಮ್ಲಜನಕ ಪಡೆದು ಡೈವಿಂಗ್ ವೈದ್ಯರನ್ನು ಸಂಪರ್ಕಿಸಿ.

ದೋಣಿ ದಡ ಸೇರುವ ಮೊದಲೇ ಲಾಗ್ ಪುಸ್ತಕದಲ್ಲಿ ಗಾಳಿಯ ಅಂಕೆಗಳನ್ನು ಬರೆದು, ನೆನಪಿನಿಂದಲೇ ಹಡಗಿನ ಒಂದು ಒರಟು ಚಿತ್ರ ಬಿಡಿಸಿ: ಹಗ್ಗ ಎಲ್ಲಿತ್ತು, ಬಾಯ್ಲರ್ ಯಾವ ಕಡೆ, ಎಲ್ಲಿ 130 ಬಾರ್ ಬಂತು. ಖಾಲಿ ಉಳಿದ ಜಾಗಗಳೇ ಅದೇ ಹಡಗಿಗೆ ನಿಮ್ಮ ಎರಡನೇ ಡೈವ್‌ನ ಯೋಜನೆ.